ಹಳೆ ಇಟ್ಟಿಗೆ ಗೋಡೆ ಇನ್ನೊಂದು ಮಹಡಿ ಹೊರುತ್ತದೆಯೇ? ಅಳೆದು, ಬಿಚ್ಚಿ ನೋಡಿ, ಲೆಕ್ಕ ಹಾಕುವ ಕ್ರಮ

ಬಸವನಗುಡಿ, ಮಲ್ಲೇಶ್ವರ, ಮೈಸೂರಿನ ಅಗ್ರಹಾರದಂಥ ಹಳೆಯ ಬಡಾವಣೆಗಳಲ್ಲಿ ಕಾಂಕ್ರೀಟ್ ಕಂಬವೇ ಇಲ್ಲದೆ, ಬರೀ ಇಟ್ಟಿಗೆ ಗೋಡೆಯ ಮೇಲೆ ತಾರಸಿ ಕೂತಿರುವ ಮನೆಗಳು ಇನ್ನೂ ಬೇಕಾದಷ್ಟಿವೆ. ಮೇಲೊಂದು ರೂಮು ಹಾಕಬೇಕು ಅಂದಾಗ ನಡೆಯುವ ಪರೀಕ್ಷೆ ಸಾಮಾನ್ಯವಾಗಿ ಇಷ್ಟೇ: ಮೇಸ್ತ್ರಿ ಸುತ್ತಿಗೆಯಿಂದ ಎರಡೇಟು ಹಾಕುತ್ತಾರೆ, ‘ಹಳೇ ಕಾಲದ್ದು ಸಾರ್, ಕಬ್ಬಿಣ ಇದ್ದಂಗಿದೆ’ ಅನ್ನುತ್ತಾರೆ. ಮಾರನೇ ವಾರ ಮರಳು ಬಂದು ಬೀಳುತ್ತದೆ.

ಇನ್ನು ಕೆಲವರು ಇಟ್ಟಿಗೆಯನ್ನು ಲ್ಯಾಬಿಗೆ ಕಳಿಸುತ್ತಾರೆ, ಒಳ್ಳೆಯ ಅಂಕಿ ಬಂದರೆ ನೆಮ್ಮದಿಯಾಗುತ್ತಾರೆ. ಅಲ್ಲೂ ಪದೇ ಪದೇ ಅದೇ ಮೂರು ತಪ್ಪು. ಗಿಲಾವು ಸೇರಿಸಿ ಗೋಡೆಯ ದಪ್ಪ ಅಳೆಯುತ್ತಾರೆ, ಇಟ್ಟಿಗೆ ನೋಡಿ ಗಾರೆ ಮರೆಯುತ್ತಾರೆ, ಬಾಗಿಲು ಕಿಟಕಿಗಳ ಜಾಗವನ್ನು ಲೆಕ್ಕದಲ್ಲಿ ಕಳೆಯುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ದುಬಾರಿ. ಕೆಳಗಿನ ಉದಾಹರಣೆಯಲ್ಲಿ ಒಂದೇ ಒಂದು ಬಾಗಿಲಿನಿಂದ ಪಾಸಾದ ಗೋಡೆ ಫೇಲಾಗುವುದನ್ನು ನೋಡುತ್ತೀರಿ.

ಈ ಕ್ರಮ ಮುಗಿಸಿದರೆ ‘ಇದು ಆಗುವ ಮಾತಲ್ಲ’ ಅಥವಾ ‘ಸ್ಟ್ರಕ್ಚರಲ್ ಇಂಜಿನಿಯರ್‌ಗೆ ದುಡ್ಡು ಕೊಟ್ಟು ಮುಂದೆ ಹೋಗಬಹುದು’, ಈ ಎರಡರಲ್ಲಿ ಒಂದು ಉತ್ತರ ಸಿಗುತ್ತದೆ. ಇಂಜಿನಿಯರ್ ಸಹಿಗೆ ಇದು ಬದಲಿಯಲ್ಲ.

ಹಂತ 1: ಬೇಕಾದ ಸಾಮಾನು

5 ಮೀಟರ್ ಟೇಪು, ತೂಗುಗುಂಡು, ಉಕ್ಕಿನ ಅಳತೆಪಟ್ಟಿ, ಒಳ್ಳೆ ಟಾರ್ಚು, ಸಣ್ಣ ಉಳಿ, ಅರ್ಧ ಕೆಜಿ ಸುತ್ತಿಗೆ, ಹ್ಯಾಕ್ಸಾ ಬ್ಲೇಡು, 8 ಮತ್ತು 12 ಮಿ.ಮೀ. ಬಿಟ್ ಇರುವ ಡ್ರಿಲ್, ಉದ್ದನೆ ಸ್ಕ್ರೂಡ್ರೈವರ್, ವರ್ನಿಯರ್ ಕ್ಯಾಲಿಪರ್, ಒಂದು ಲೋಟ ನೀರು, ಒಂದು ನಿಂಬೆಹಣ್ಣು. ಮೊಬೈಲಿಗೆ ಸಿಕ್ಕಿಸುವ ತೆಳು ವೈರಿನ ಕ್ಯಾಮೆರಾ ಸಿಕ್ಕರೆ ತುಂಬ ಉಪಯೋಗ. ಗೋಡೆಯ ಹೊಟ್ಟೆಯೊಳಗಿನ ಪೊಳ್ಳು ಅದರಲ್ಲೇ ಕಾಣುವುದು.

ಕಾಂಕ್ರೀಟಿಗೆ ಬಳಸುವ ರಿಬೌಂಡ್ ಹ್ಯಾಮರ್ ಬಾಡಿಗೆಗೆ ತರಬೇಡಿ. ಅದರ ಅಂಕಿ ಇಟ್ಟಿಗೆಯ ಮುಖ ಎಷ್ಟು ಗಡಸು ಎಂಬುದನ್ನಷ್ಟೇ ಹೇಳುತ್ತದೆ. ಸಂದಿನ ಗಾರೆಯ ಬಗ್ಗೆ ಅದಕ್ಕೆ ಏನೂ ಗೊತ್ತಾಗುವುದಿಲ್ಲ.

ಹಂತ 2: ಯಾವ ಗೋಡೆ ಹೊರುತ್ತಿದೆ, ಗುರುತು ಹಾಕಿ

ಮನೆಯ ನಕ್ಷೆಯನ್ನು ಕೈಯಲ್ಲೇ ಬರೆಯಿರಿ. ಪ್ರತಿ ರೂಮಿನ ಒಳ ಅಳತೆ, ಪ್ರತಿ ಬಾಗಿಲು ಕಿಟಕಿಯ ಅಗಲ, ಅವುಗಳ ನಡುವೆ ಉಳಿದ ಗೋಡೆಯ ಅಗಲ ಎಲ್ಲವೂ ಅದರಲ್ಲಿ ಬರಬೇಕು.

ಆಮೇಲೆ ತಲೆ ಎತ್ತಿ ನೋಡಿ. ಮದ್ರಾಸ್ ತಾರಸಿಯಾದರೆ (ಜಂತೆಯ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಸಿದ ಹಳೆ ಬಗೆ) ಮರದ ಜಂತೆಗಳು ಕಾಣುತ್ತವೆ. ಜಂತೆಯ ತುದಿ ಯಾವ ಗೋಡೆಯೊಳಗೆ ಹೋಗಿದೆಯೋ ಆ ಗೋಡೆ ತಾರಸಿಯನ್ನು ಹೊರುತ್ತಿದೆ. ಜಂತೆಗೆ ಸಮಾನಾಂತರವಾಗಿ ಓಡುವ ಗೋಡೆ ಹೆಚ್ಚುಕಡಿಮೆ ತನ್ನ ತೂಕವನ್ನಷ್ಟೇ ಹೊರುತ್ತದೆ. ಕಲ್ಲುಚಪ್ಪಡಿ ತಾರಸಿಗೂ ಇದೇ ಲೆಕ್ಕ. ಹಳೆ ತಾರಸಿ ತೆಗೆದು ಕಾಂಕ್ರೀಟ್ ಹಾಕಿಸಿದ್ದರೆ, ರೂಮು ಚೌಕಕ್ಕೆ ಹತ್ತಿರವಿದ್ದಾಗ ಹೊರೆ ನಾಲ್ಕೂ ಗೋಡೆಗೆ ಹಂಚಿಹೋಗುತ್ತದೆ.

ಜಂತೆ ಗೋಡೆಯೊಳಗೆ ಹೊಕ್ಕ ಜಾಗದಲ್ಲಿ ಸ್ಕ್ರೂಡ್ರೈವರ್ ಚುಚ್ಚಿ. ಅರ್ಧ ಇಂಚಿಗಿಂತ ಹೆಚ್ಚು ಸಲೀಸಾಗಿ ಇಳಿದರೆ ಮರದ ತುದಿ ಗೆದ್ದಲಿಗೋ ಕೊಳೆಗೋ ಸಿಕ್ಕಿದೆ. ತುದಿ ಕೊಳೆತ ಜಂತೆ ಗೋಡೆಯ ತಲೆಯನ್ನು ಹಿಡಿದು ನಿಲ್ಲಿಸುವುದಿಲ್ಲ. ಹಂತ 8ರ ಲೆಕ್ಕ ಆಗ ಪೂರ್ತಿ ಬದಲಾಗುತ್ತದೆ.

ಇನ್ನೊಂದು ಮುಖ್ಯ ವಿಚಾರ: ಹಿಂದೆ ಯಾರಾದರೂ ಗೋಡೆ ಒಡೆದು ನಡುಮನೆ ದೊಡ್ಡದು ಮಾಡಿದ್ದಾರಾ ಕೇಳಿ. ನೆಲದಲ್ಲಿ ಹಳೆ ಗೋಡೆಯ ಪಟ್ಟೆ, ಮೇಲೆ ನಡುವೆ ಸೇರಿಸಿದ ಕಬ್ಬಿಣದ ತೊಲೆ ಕಂಡರೆ, ಆ ತೊಲೆಯ ಎರಡು ತುದಿಯ ಕೆಳಗಿನ ಗೋಡೆಗೆ ನಕ್ಷೆಯಲ್ಲಿ ಕೆಂಪು ಗುರುತು ಹಾಕಿ. ಮುಂದಿನ ಎಲ್ಲ ಪರೀಕ್ಷೆ ಅಲ್ಲಿಂದಲೇ ಶುರುವಾಗಬೇಕು.

ಹಂತ 3: ಬಿರುಕು, ಉಬ್ಬು, ತೇವ

ಗೋಡೆ ಬಿಚ್ಚುವ ಮೊದಲು ಹೊರಗಿನಿಂದ ಓದಿಕೊಳ್ಳಿ. ಬಿರುಕಿನ ಅಗಲಕ್ಕಿಂತ ಅದರ ದಿಕ್ಕು ಹೆಚ್ಚು ಮಾತಾಡುತ್ತದೆ.

ಬಾಗಿಲ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಹೋದ ಬಿರುಕು ಪಾಯದ ಒಂದು ಭಾಗ ಕುಸಿದದ್ದನ್ನು ಹೇಳುತ್ತದೆ. ಎರಡು ಗೋಡೆ ಸೇರುವ ಮೂಲೆಯಲ್ಲಿ ಮೇಲಿನಿಂದ ಕೆಳಗೆ ನೆಟ್ಟಗೆ ಸೀಳಿದ್ದರೆ ಆ ಎರಡು ಗೋಡೆಯ ಇಟ್ಟಿಗೆಗಳನ್ನು ಒಂದಕ್ಕೊಂದು ಹೆಣೆದಿಲ್ಲ, ಅಥವಾ ಒಂದನ್ನು ಆಮೇಲೆ ತಂದು ಆನಿಸಿದ್ದಾರೆ. ಕಾಂಕ್ರೀಟ್ ತಾರಸಿಯ ಅಡಿಯಲ್ಲೇ ಉದ್ದಕ್ಕೆ ಅಡ್ಡ ಬಿರುಕಿದ್ದರೆ ಬಿಸಿಲಿಗೆ ತಾರಸಿ ಹಿಗ್ಗಿ ಕುಗ್ಗಿದ್ದು ಕಾರಣವಾಗಿರುವುದೇ ಹೆಚ್ಚು. ಅದು ನೋಡಲು ಭಯಂಕರ, ಅಪಾಯದಲ್ಲಿ ಮಾತ್ರ ಕೊನೆಯ ಸ್ಥಾನ.

ನಿಜವಾಗಿ ಹೆದರಬೇಕಾದದ್ದು ಕಣ್ಣಿಗೆ ಬೀಳದ ಬಿರುಕಿಗೆ. ತೊಲೆಯ ತುದಿಯ ಕೆಳಗೆ ಅಥವಾ ಬಾಗಿಲು ಕಿಟಕಿ ನಡುವಿನ ಸಣ್ಣ ಕಂಬದಂಥ ಗೋಡೆಯಲ್ಲಿ ಕೂದಲೆಳೆಯಂಥ ಮೂರು ನಾಲ್ಕು ನೆಟ್ಟನೆ ಬಿರುಕುಗಳು ಪಕ್ಕಪಕ್ಕದಲ್ಲಿ, ಗಾರೆಯ ಸಂದನ್ನು ಬಿಟ್ಟು ಇಟ್ಟಿಗೆಯನ್ನೇ ಸೀಳಿಕೊಂಡು ಹೋಗಿದ್ದರೆ ಆ ಗೋಡೆ ಈಗಿನ ಹೊರೆಗೇ ಸೋಲುತ್ತಿದೆ. ಪರೀಕ್ಷೆ ಅಲ್ಲಿಗೆ ನಿಲ್ಲಿಸಿ. ತೊಲೆಯ ಕೆಳಗೆ ಪ್ರಾಪ್ (ತಾತ್ಕಾಲಿಕ ಆಸರೆ ಕಂಬ) ಕೊಟ್ಟು ಇಂಜಿನಿಯರ್‌ನ್ನು ಕರೆಸಿ. ಮೇಲೆ ನೀರಿನ ಟ್ಯಾಂಕಿದ್ದರೆ ಆ ಹೊತ್ತೇ ಖಾಲಿ ಮಾಡಿ, 1000 ಲೀಟರ್ ಅಂದರೆ ಒಂದು ಟನ್ ತೂಕ.

ಬಿರುಕು ಹಳೆಯದೋ, ಇನ್ನೂ ಬೆಳೆಯುತ್ತಿದೆಯೋ ತಿಳಿಯಲು ಅದರ ಎರಡೂ ಬದಿಗೆ, ಗಿಲಾವು ಕೆರೆದು, ಇಟ್ಟಿಗೆಗೇ ಒಂದೊಂದು ಸಣ್ಣ ಮೊಳೆ ಕೂರಿಸಿ. ಮೊಳೆಗಳ ನಡುವಿನ ಅಂತರವನ್ನು ಕ್ಯಾಲಿಪರಿನಲ್ಲಿ ಅಳೆದು ತಾರೀಖಿನ ಜೊತೆ ಗೋಡೆಯ ಮೇಲೇ ಬರೆಯಿರಿ. ಹದಿನೈದು ದಿನಕ್ಕೊಮ್ಮೆ ಅಳೆಯಿರಿ. ಮೂರು ತಿಂಗಳಾದರೂ ನೋಡಬೇಕು, ಅದರಲ್ಲೊಂದಿಷ್ಟು ಮಳೆಗಾಲ ಸೇರಿರಬೇಕು. ಎರೆಮಣ್ಣಿನ ಊರಾದರೆ ಬೇಸಿಗೆ ಮಳೆಗಾಲ ಎರಡನ್ನೂ ನೋಡದೆ ತೀರ್ಮಾನ ಬೇಡ, ಆ ಮಣ್ಣು ಒಣಗಿದಾಗ ಕುಗ್ಗಿ ನೆನೆದಾಗ ಉಬ್ಬುತ್ತದೆ. ಗಾಜಿನ ಪಟ್ಟಿ ಅಂಟಿಸುವ ಪದ್ಧತಿಯೂ ಇದೆ. ಗಾಜು ಒಡೆದರೆ ಗೋಡೆ ಅಲುಗಿದ್ದು ಗೊತ್ತಾಗುತ್ತದೆ, ಎಷ್ಟು ಅಲುಗಿತು ಅನ್ನುವುದು ಗೊತ್ತಾಗುವುದಿಲ್ಲ. ಗಿಲಾವಿನ ಮೇಲೆ ಅಂಟಿಸಿದ ಗಾಜಂತೂ ಗಿಲಾವು ಸಡಿಲವಾದರೂ ಒಡೆಯುತ್ತದೆ.

ಓಲಾಟಕ್ಕೆ ತೂಗುಗುಂಡು ಬಿಡಿ. ಮೇಲೆ, ನಡುವೆ, ಕೆಳಗೆ ದಾರಕ್ಕೂ ಗೋಡೆಗೂ ಇರುವ ಅಂತರ ಅಳೆಯಿರಿ. ಹೊಸ ಗೋಡೆಗೆ ಐಎಸ್ 1905 (ಇಟ್ಟಿಗೆ ಗೋಡೆಗಳ ಭಾರತೀಯ ಮಾನದಂಡ) ಒಪ್ಪುವ ಓರೆ 3 ಮೀಟರ್ ಎತ್ತರಕ್ಕೆ 6 ಮಿ.ಮೀ. ಮಾತ್ರ. ಹಳೆ ಗೋಡೆಯಲ್ಲಿ ಇದು ಮೀರಿರುತ್ತದೆ, ಅದಕ್ಕೇ ಗಾಬರಿ ಬೇಕಿಲ್ಲ. ಆದರೆ ನಡುಮಟ್ಟದ ಉಬ್ಬು ದಪ್ಪದ ಆರನೇ ಒಂದು ಭಾಗಕ್ಕೆ, ಅಂದರೆ 230 ಮಿ.ಮೀ. ಗೋಡೆಯಲ್ಲಿ 38 ಮಿ.ಮೀ.ಗೆ ಬಂದಿದ್ದರೆ ಹೊರೆಯ ಗೆರೆ ಗೋಡೆಯ ನಡುವಿನ ಮೂರನೇ ಒಂದು ಭಾಗದ ಅಂಚು ಮುಟ್ಟಿದೆ ಅಂತ ಅರ್ಥ. ಅದರಾಚೆ ಒಂದು ಮುಖದ ಸಂದುಗಳು ಬಾಯಿಬಿಡಲು ಶುರುವಾಗುತ್ತವೆ.

ತೇವಕ್ಕೆ ನೆಲದಿಂದ ಒಂದು ಮೀಟರ್ ಎತ್ತರದವರೆಗೆ ನೋಡಿ. ಬಿಳಿ ಉಪ್ಪು ಹೊಮ್ಮಿದೆಯೇ, ಬಣ್ಣ ಹಕ್ಕಳೆಯೆದ್ದಿದೆಯೇ? ಮಣ್ಣಿನ ಗಾರೆಯ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿದ ಮನೆಗಳಲ್ಲಿ ಹೊರಗೆ ಎಲ್ಲ ಸರಿಯಿರುವಂತೆ ಕಾಣುತ್ತದೆ. ನೆಲದಿಂದ ಏರಿದ ನೀರಿಗೆ ಮಾತ್ರ ಆರಲು ದಾರಿಯಿಲ್ಲ. ಅಂಥ ಗೋಡೆಯ ಬುಡ ತಟ್ಟಿದರೆ ಡಬ್ ಡಬ್ ಅನ್ನುತ್ತದೆ.

ಹಂತ 4: ಗಿಲಾವು ಬಿಚ್ಚಿ ದಪ್ಪ ಮತ್ತು ಹೆಣಿಗೆ ನೋಡಿ

ಹೊರೆ ಹೊರುವ ಪ್ರತಿ ಗೋಡೆಯಲ್ಲೂ ಎರಡು ಕಡೆ, ಒಂದಡಿ ಚೌಕದಷ್ಟು ಗಿಲಾವು ಬಿಚ್ಚಿ: ನೆಲದಿಂದ ಒಂದಡಿ ಮೇಲೆ ಒಂದು, ಎದೆಮಟ್ಟದಲ್ಲಿ ಒಂದು. ಬುಡದ ಕಿಂಡಿ ಬಿಟ್ಟರೆ ತೇವ ತಿಂದ ಭಾಗವೇ ತಪ್ಪಿಹೋಗುತ್ತದೆ.

ಮೊದಲು ದಪ್ಪ. ಬಾಗಿಲ ಚೌಕಟ್ಟಿನ ಬಳಿ ಗಿಲಾವಿನಿಂದ ಗಿಲಾವಿಗೆ 270 ಮಿ.ಮೀ. ಬಂದರೆ ಒಳಗಿನ ಗೋಡೆ 230 ಇರಬಹುದು. ಎರಡೂ ಬದಿಯ ಗಿಲಾವಿನ ದಪ್ಪ ಅಳೆದು ಕಳೆಯಿರಿ. ಇಟ್ಟಿಗೆಯ ಅಳತೆಯನ್ನೂ ಬರೆದುಕೊಳ್ಳಿ, ಹಳೆ ನಾಟಿ ಇಟ್ಟಿಗೆ ಊರಿಗೊಂದು ಅಳತೆ. ಜನ ಒಂಬತ್ತಿಂಚು ಗೋಡೆ ಅಂದಮಾತ್ರಕ್ಕೆ ಅದು 230 ಆಗಬೇಕಿಲ್ಲ.

ಎರಡನೆಯದು ಹೆಣಿಗೆ. ಇಟ್ಟಿಗೆಯ ತಲೆ ಕಾಣುವ ಅಡ್ಡ ಇಟ್ಟಿಗೆಗಳು ಒಂದು ವರಸೆ ಬಿಟ್ಟು ಒಂದು ವರಸೆಯಲ್ಲೋ, ಒಂದೇ ವರಸೆಯಲ್ಲಿ ಒಂದು ಬಿಟ್ಟು ಒಂದರಂತೆಯೋ ಸಿಗಬೇಕು. ಬರೀ ಉದ್ದ ಇಟ್ಟಿಗೆಗಳೇ ಕಂಡರೆ ಗೋಡೆ ಎರಡು ತೆಳು ಪದರವಾಗಿ ನಿಂತಿರಬಹುದು. 12 ಮಿ.ಮೀ. ಬಿಟ್ಟಿನಲ್ಲಿ ಸಂದಿನ ಮೂಲಕ ತೂತು ಕೊರೆದು ಕ್ಯಾಮೆರಾ ತೂರಿಸಿ. ಕೊರೆಯುವಾಗ ಡ್ರಿಲ್ ನಡುವೆ ದಢಕ್ಕನೆ ಮುಂದಕ್ಕೆ ಹೋದರೆ ಅಲ್ಲಿ ಪೊಳ್ಳಿದೆ. ದಪ್ಪ ಗೋಡೆಗಳಲ್ಲಿ ಹೊರಮುಖಕ್ಕೆ ಸುಟ್ಟ ಇಟ್ಟಿಗೆ ಕಟ್ಟಿ, ಹೊಟ್ಟೆಗೆ ಚೂರು ಇಟ್ಟಿಗೆಯನ್ನೂ ಮಣ್ಣನ್ನೂ ತುಂಬಿರುವುದುಂಟು. ಅಂಥದರಲ್ಲಿ ಲೆಕ್ಕಕ್ಕೆ ಬರುವುದು ಹೊರೆ ನೇರ ಕೂತಿರುವ ಪದರದ ದಪ್ಪ ಮಾತ್ರ.

ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಖಾಲಿ ಬಿಟ್ಟು ಕಟ್ಟುವ ರ‍್ಯಾಟ್‌ಟ್ರ್ಯಾಪ್ ಗೋಡೆಗೂ, ಪೊಳ್ಳು ಮಣ್ಣಿನ ಬ್ಲಾಕಿನ ಗೋಡೆಗೂ ಪ್ರತ್ಯೇಕ ಎಚ್ಚರಿಕೆ ಬೇಕು. ಲ್ಯಾಬಿನವರು ಕೊಡುವ ಶಕ್ತಿ ತೂತೂ ಸೇರಿದ ಇಡೀ ಮೇಲ್ಮೈಯದೋ, ಗಟ್ಟಿ ಭಾಗದ್ದೋ ಎಂದು ಬರೆಸಿಕೊಳ್ಳಿ. ಎರಡನ್ನೂ ಬೆರೆಸಿದರೆ ಉತ್ತರ ಹೆಚ್ಚುಕಡಿಮೆ ದುಪ್ಪಟ್ಟು ತಪ್ಪಬಹುದು. ಬ್ಲಾಕನ್ನು ಗೋಡೆಯಲ್ಲಿ ಹೇಗೆ ಮಲಗಿಸಿದ್ದಾರೋ ಅದೇ ದಿಕ್ಕಿನಲ್ಲಿ ಒತ್ತಿಸಬೇಕು. ತೂತು ಅಡ್ಡವಾಗಿರುವ ಬ್ಲಾಕು, ತೂತು ನೆಟ್ಟಗಿರುವಾಗ ತೋರಿಸಿದಷ್ಟು ಬಲ ತೋರಿಸುವುದಿಲ್ಲ. ಕಾಂಕ್ರೀಟ್ ಚೌಕಟ್ಟಿನ ನಡುವೆ ತುಂಬಿದ ಪೊಳ್ಳು ಬ್ಲಾಕಾದರೆ ಅದು ಹೊರೆ ಹೊರಲು ಕಟ್ಟಿದ್ದೇ ಅಲ್ಲ, ಪರೀಕ್ಷೆ ಬೇಡ.

ವಿದ್ಯುತ್ ಪೈಪಿಗೆ ಕೊರೆದ ಗಾಡಿಗಳನ್ನೂ, ಅಂದರೆ ಉದ್ದನೆ ಕಾಲುವೆಗಳನ್ನೂ, ಈಗಲೇ ನೋಡಿ. ಐಎಸ್ 1905 ಪ್ರಕಾರ ಅಡ್ಡ ಗಾಡಿ ಗೋಡೆಯ ದಪ್ಪದ ಆರನೇ ಒಂದು ಭಾಗ, ನೆಟ್ಟನೆ ಗಾಡಿ ಮೂರನೇ ಒಂದು ಭಾಗ ಮೀರಬಾರದು. ಒಂಬತ್ತಿಂಚು ಗೋಡೆಗೆ ಅಡ್ಡಲಾಗಿ 38 ಮಿ.ಮೀ. ಅಂದರೆ ಮುಗಿಯಿತು. ಎಲೆಕ್ಟ್ರಿಷಿಯನ್ ಕಟರ್ ಹಿಡಿದರೆ 50ಕ್ಕೆ ಕಮ್ಮಿ ಇಳಿಯುವುದು ಅಪರೂಪ.

ಹಂತ 5: ಗಾರೆ ಯಾವುದು

ಹಳೆ ಗೋಡೆಯ ಹಣೆಬರಹ ಸಂದಿನಲ್ಲಿದೆ. ಗಟ್ಟಿ ಇಟ್ಟಿಗೆಯ ನಡುವೆ ಮೆದು ಗಾರೆಯಿದ್ದರೆ ಹೊರೆ ಬಿದ್ದಾಗ ಗಾರೆ ಪಕ್ಕಕ್ಕೆ ಹರಡಲು ನೋಡುತ್ತದೆ, ಇಟ್ಟಿಗೆಯನ್ನು ತನ್ನ ಜೊತೆ ಎಳೆಯುತ್ತದೆ, ಇಟ್ಟಿಗೆ ನೆಟ್ಟಗೆ ಸೀಳುತ್ತದೆ. ಹಂತ 3ರ ಕೂದಲೆಳೆ ಬಿರುಕು ಹುಟ್ಟುವುದು ಹೀಗೆ.

ಮುಖದ ಗಾರೆ ಬೇಡ, ಅದನ್ನು ಮಧ್ಯೆ ಯಾವಾಗಲೋ ಸಿಮೆಂಟಿನಲ್ಲಿ ತೀಡಿರುತ್ತಾರೆ. ಎರಡು ಇಂಚು ಒಳಗಿನಿಂದ ಗೋಲಿ ಗಾತ್ರದ ನಾಲ್ಕೈದು ಉಂಡೆ ತೆಗೆಯಿರಿ.

ಒಂದು ಉಂಡೆಯನ್ನು ಲೋಟದ ನೀರಿಗೆ ಬಿಡಿ, ಕಲಕಬೇಡಿ. ಮಣ್ಣಿನ ಗಾರೆಯಾದರೆ ಮೊದಲು ಸಣ್ಣ ಗುಳ್ಳೆ ಬರುತ್ತದೆ, ಅಂಚು ಉದುರುತ್ತದೆ, ಹತ್ತು ನಿಮಿಷದೊಳಗೆ ತಳದಲ್ಲಿ ಕೆಸರಾಗಿ ಕೂರುತ್ತದೆ. ಸುಣ್ಣದ ಗಾರೆ ನೀರಲ್ಲಿ ಉಂಡೆಯಾಗಿಯೇ ಉಳಿಯುತ್ತದೆ. ಇನ್ನೊಂದು ಉಂಡೆಯನ್ನು ಪುಡಿ ಮಾಡಿ ಅದರ ಮೇಲೆ ನಿಂಬೆರಸ ಹಿಂಡಿ. ನೊರೆ ಎದ್ದರೆ ಸುಣ್ಣವಿದೆ. ಮಣ್ಣಿನಲ್ಲೇ ಸುಣ್ಣಕಲ್ಲಿನ ಹರಳಿದ್ದರೂ ನೊರೆ ಬರುತ್ತದೆ, ಹಾಗಾಗಿ ಎರಡೂ ಪರೀಕ್ಷೆ ಒಟ್ಟಿಗೆ ಓದಿ. ನಸುಗೆಂಪು ಬಣ್ಣ, ಇಟ್ಟಿಗೆ ಪುಡಿಯ ಕಣ ಕಂಡರೆ ಸುರ್ಕಿ ಬೆರೆಸಿದ ಸುಣ್ಣ. ಅದು ಒಳ್ಳೆಯ ಸುದ್ದಿ. ಬೂದು ಬಣ್ಣ, ಮೊಳೆಗೂ ಗೀರು ಬೀಳದಷ್ಟು ಗಟ್ಟಿ ಇದ್ದರೆ ಸಿಮೆಂಟು.

ಮಣ್ಣಿನ ಗಾರೆ ಅಂತ ಖಚಿತವಾದರೆ ಮಹಡಿಯ ಯೋಚನೆ ಇಲ್ಲಿಗೇ ಬಿಡುವುದು ವಾಸಿ. ಐಎಸ್ 1905ರ ಗಾರೆ ಕೋಷ್ಟಕದಲ್ಲಿ ಮಣ್ಣಿಗೆ ಸಾಲೇ ಇಲ್ಲ. ಐಎಸ್ 13828 ಅಂಥ ಗೋಡೆಯನ್ನು ಕಡಿಮೆ ಬಲದ ಗೋಡೆಗಳ ಗುಂಪಿಗೆ ಸೇರಿಸುತ್ತದೆ. ಒಣಗಿದ್ದಾಗ ನಿಂತ ಗೋಡೆ, ಮೇಲಿನ ಬಚ್ಚಲಿನ ಪೈಪು ಒಂದು ಮಳೆಗಾಲ ಸೋರಿದರೆ ಸಾಕು, ಬೇರೆಯೇ ಗೋಡೆಯಾಗುತ್ತದೆ.

ಹಂತ 6: ಇಟ್ಟಿಗೆ ತೆಗೆದು ಒತ್ತಿಸಿ

ಮಾದರಿ ಇಟ್ಟಿಗೆಗೆ ಸರಿಯಾದ ಜಾಗ ಕಿಟಕಿಯ ಕೆಳಗಿನ ಗೋಡೆ. ಅಲ್ಲಿ ಹೊರೆ ಕಡಿಮೆ, ಗೋಡೆ ಮಾತ್ರ ಅದೇ ಕಾಲದ್ದು. ತಾರಸಿಯ ಕೈಪಿಡಿ ಗೋಡೆಯಿಂದ ತೆಗೆದದ್ದು ಲೆಕ್ಕಕ್ಕಿಲ್ಲ, ಬಿಸಿಲು ಮಳೆಗೆ ಸತ್ತಿರುತ್ತದೆ, ಎಷ್ಟೋ ಸಲ ಆಮೇಲೆ ಕಟ್ಟಿದ್ದೂ ಆಗಿರುತ್ತದೆ. ಬಾಗಿಲ ಪಕ್ಕದಿಂದ, ತೊಲೆಯ ಕೆಳಗಿನಿಂದ ಒಂದು ಇಟ್ಟಿಗೆಯನ್ನೂ ಮುಟ್ಟಬೇಡಿ.

ಸುತ್ತಿಗೆ ಮೋಡ್ ಆಫ್ ಮಾಡಿ, ಬರೀ ತಿರುಗುವ ಡ್ರಿಲ್ಲಿನಲ್ಲಿ 8 ಮಿ.ಮೀ. ಬಿಟ್ ಹಾಕಿ ಸಂದಿನ ಉದ್ದಕ್ಕೂ ಒತ್ತೊತ್ತಾಗಿ ತೂತು ಕೊರೆಯಿರಿ. ನಡುವೆ ಉಳಿದದ್ದನ್ನು ಹ್ಯಾಕ್ಸಾ ಬ್ಲೇಡಿನಲ್ಲಿ ಕುಯ್ಯಿರಿ. ಮೊದಲು ಪಕ್ಕದ ನೆಟ್ಟನೆ ಸಂದು, ಆಮೇಲೆ ಮೇಲಿನ ಸಂದು, ಕೊನೆಗೆ ಕೆಳಗಿನದು. ಉಳಿ ಹೊಡೆದು ಕಿತ್ತ ಇಟ್ಟಿಗೆಯಲ್ಲಿ ಕಣ್ಣಿಗೆ ಕಾಣದ ಸೀಳು ಬಿದ್ದಿರುತ್ತದೆ, ಅದು ಲ್ಯಾಬಿನಲ್ಲಿ ಸುಮ್ಮನೆ ಸೋಲುತ್ತದೆ. ತೆಗೆದ ಜಾಗವನ್ನು ಅದೇ ದಿನ ಸುಣ್ಣದ ಗಾರೆಯಲ್ಲಿ ತುಂಬಿ.

ಐಎಸ್ 3495ರ ಒತ್ತಡ ಪರೀಕ್ಷೆಗೆ ಐದು ಇಟ್ಟಿಗೆ, ನೀರು ಹೀರುವಿಕೆಗೆ ಇನ್ನೈದು ಬೇಕು. ನೆಲಮಹಡಿಯ ಬೇರೆ ಬೇರೆ ರೂಮಿನಿಂದ ಆರಿಸಿ, ಮಾರ್ಕರಿನಲ್ಲಿ ರೂಮಿನ ಹೆಸರು, ವರಸೆಯ ಸಂಖ್ಯೆ ಬರೆಯಿರಿ. ಲ್ಯಾಬಿನಲ್ಲಿ ಒಂದು ಪ್ರಶ್ನೆ ಕೇಳಲೇಬೇಕು: 24 ಗಂಟೆ ನೆನೆಸಿ, ಇಟ್ಟಿಗೆಯ ತಗ್ಗಿಗೆ 1:1 ಸಿಮೆಂಟ್ ಗಾರೆ ತುಂಬಿ, ಮತ್ತೆ ನೀರಲ್ಲಿಟ್ಟು ಆಮೇಲೆ ಒತ್ತುತ್ತೀರಾ? ತಂದ ದಿನವೇ ಒಣ ಇಟ್ಟಿಗೆ ಒತ್ತಿ ವರದಿ ಕೊಟ್ಟರೆ ಅಂಕಿ ಚೆನ್ನಾಗಿಯೇ ಬರುತ್ತದೆ. ಆ ಚೆನ್ನಾದ ಅಂಕಿಯೇ ತೊಂದರೆ.

ನೀರು ಹೀರುವಿಕೆ ತೂಕದ ಶೇಕಡ 20 ಮೀರಿದ್ದರೆ ಇಟ್ಟಿಗೆ ಸರಿಯಾಗಿ ಬೆಂದಿಲ್ಲ. ಐದರಲ್ಲಿ ಒಂದು ಇಟ್ಟಿಗೆ ತೀರಾ ಕೆಳಗೆ ಬಂದರೆ ಸರಾಸರಿಯ ಹಿಂದೆ ಅಡಗಿಸಬೇಡಿ, ಅದು ಬಂದ ಗೋಡೆಯಿಂದ ಇನ್ನೈದು ತೆಗೆದು ಪ್ರತ್ಯೇಕ ಒತ್ತಿಸಿ.

ದುಡ್ಡಿಗೆ ತೊಂದರೆಯಿಲ್ಲದಿದ್ದರೆ ಇದಕ್ಕಿಂತ ಒಳ್ಳೆಯದು ಫ್ಲ್ಯಾಟ್ ಜ್ಯಾಕ್ ಪರೀಕ್ಷೆ. ಗೋಡೆಯ ಸಂದಿನಲ್ಲಿ ಸೀಳು ಕೊಯ್ದು, ತೆಳ್ಳನೆ ಉಕ್ಕಿನ ಚೀಲ ತೂರಿಸಿ, ಎಣ್ಣೆಯ ಒತ್ತಡದಿಂದ ಉಬ್ಬಿಸಿ, ಗೋಡೆಯಲ್ಲಿ ಈಗಿರುವ ಒತ್ತಡವನ್ನು ಅಲ್ಲೇ ಅಳೆಯುತ್ತಾರೆ. ಒಂದರ ಮೇಲೊಂದು ಎರಡು ಸೀಳಿನಲ್ಲಿ ಚೀಲವಿಟ್ಟು ಒತ್ತಿದರೆ ನಡುವಿನ ಗೋಡೆ ಎಷ್ಟು ತಾಳುತ್ತದೆ ಎಂಬ ಅಂದಾಜೂ ಸಿಗುತ್ತದೆ. ಗಾರೆ, ಇಟ್ಟಿಗೆ, ಕಟ್ಟಿದವರ ಕೈಗುಣ ಮೂರೂ ಅದರಲ್ಲಿ ಒಟ್ಟಿಗೆ ಬರುತ್ತದೆ.

ಹಂತ 7: ಈಗಿನ ಹೊರೆ, ಬರಲಿರುವ ಹೊರೆ

ಇದನ್ನು ಒಂದು ಉದಾಹರಣೆ ಹಿಡಿದೇ ಮಾಡೋಣ. ಎರಡು ರೂಮುಗಳ ನಡುವಿನ ಗೋಡೆ, 4.2 ಮೀಟರ್ ಉದ್ದ, 3.3 ಮೀಟರ್ ಎತ್ತರ, ಗಿಲಾವು ಬಿಟ್ಟು 230 ಮಿ.ಮೀ. ದಪ್ಪ. ಎರಡೂ ಬದಿಗೆ 3.6 ಮೀಟರ್ ಜಂತೆ. ಪ್ರತಿ ಬದಿಯಿಂದ ಅರ್ಧರ್ಧ ತಾರಸಿ, ಒಟ್ಟು 3.6 ಮೀಟರ್ ಅಗಲ, ಈ ಗೋಡೆಯ ಪಾಲಿಗೆ ಬರುತ್ತದೆ. 1 ಕಿಲೋನ್ಯೂಟನ್ ಅಂದರೆ ಸುಮಾರು 100 ಕೆಜಿ ತೂಕ ಅಂತ ಇಟ್ಟುಕೊಳ್ಳಿ.

ಮದ್ರಾಸ್ ತಾರಸಿ ನೋಡಿದ್ದಕ್ಕಿಂತ ಭಾರ. ಮಗ್ಗುಲಿಟ್ಟಿಗೆ, ಅದರ ಮೇಲೆ ಇಟ್ಟಿಗೆ ಜಲ್ಲಿ ಸುಣ್ಣದ ಗಾರೆ, ಮೇಲೆ ಚಪ್ಪಟೆ ಹೆಂಚು, ಎಲ್ಲ ಸೇರಿ ಒಂದು ಚದರ ಮೀಟರಿಗೆ 4.5 ಕಿಲೋನ್ಯೂಟನ್ ಹಿಡಿಯಬಹುದು. ಸೋರಿದಾಗಲೆಲ್ಲ ಮೇಲೆ ಹಾಕಿಸಿದ ಸಿಮೆಂಟ್ ಪದರಗಳಿದ್ದರೆ ಇನ್ನೂ ಹೆಚ್ಚು. ಮೂಲೆಯಲ್ಲಿ ಒಂದು ತೂತು ಕೊರೆದು ನಿಜವಾದ ದಪ್ಪ ನೋಡಿ. ಓಡಾಡುವ ತಾರಸಿಗೆ ಜನರ ತೂಕ 1.5. ಒಟ್ಟು 6.0, ಅದನ್ನು 3.6ರಿಂದ ಗುಣಿಸಿದರೆ ಮೀಟರ್ ಉದ್ದಕ್ಕೆ 21.6. ಗೋಡೆಯ ಸ್ವಂತ ತೂಕ, ಗಿಲಾವು ಸೇರಿ, 17. ಬುಡದಲ್ಲಿ ಒಟ್ಟು 38.6. ದಪ್ಪ 0.23ರಿಂದ ಭಾಗಿಸಿದರೆ ಚದರ ಮೀಟರಿಗೆ 168 ಕಿಲೋನ್ಯೂಟನ್, ಅಂದರೆ ಚದರ ಮಿ.ಮೀ.ಗೆ 0.17 ನ್ಯೂಟನ್.

ಈಗ ಮೇಲೆ ಮಹಡಿ. ಹಳೆ ತಾರಸಿ ನೆಲವಾಗುತ್ತದೆ, ವಾಸದ ರೂಮಿಗೆ ಐಎಸ್ 875 ಹೇಳುವ ಜನರ ತೂಕ 2.0. ಹಾಗಾಗಿ 6.5 ಗುಣಿಸು 3.6, 23.4. ಮೇಲಿನ ಒಂಬತ್ತಿಂಚು ಗೋಡೆ 3 ಮೀಟರ್ ಎತ್ತರ, 15.5. ಅದರ ಮೇಲೆ 125 ಮಿ.ಮೀ. ಕಾಂಕ್ರೀಟ್ ತಾರಸಿ, ನೀರುತಡೆ ಪದರ, ಓಡಾಟ ಸೇರಿ 6.1 ಗುಣಿಸು 3.6, ಅಂದರೆ 22. ಕೆಳಗಿನ ಗೋಡೆಯ 17 ಸೇರಿಸಿದರೆ 77.9. ಒತ್ತಡ 0.34. ಹೊರೆ ದುಪ್ಪಟ್ಟಾಯಿತು.

ಹಂತ 8: ಗೋಡೆ ಎಷ್ಟು ತಡೆಯುತ್ತದೆ

ಇಟ್ಟಿಗೆಯ ಶಕ್ತಿ ಚದರ ಮಿ.ಮೀ.ಗೆ 5 ನ್ಯೂಟನ್, ಗಾರೆ ಸಾಧಾರಣ ಸುಣ್ಣದ್ದು ಅಂದುಕೊಳ್ಳಿ. ಐಎಸ್ 1905ರಲ್ಲಿ ಅದು ಎಲ್2 ಗುಂಪು, ಮೂಲ ಒತ್ತಡ, ಅಂದರೆ ಕಡಿತಗಳಿಗೆ ಮೊದಲು ಒಪ್ಪುವ ಒತ್ತಡ, 0.31. ಇಟ್ಟಿಗೆ 3.5 ಆಗಿದ್ದರೆ 0.25, 7.5 ಆಗಿದ್ದರೆ 0.42. ಗಮನಿಸಿ: ಇಟ್ಟಿಗೆಯ ಶಕ್ತಿ ದುಪ್ಪಟ್ಟಿಗಿಂತ ಹೆಚ್ಚಾದರೂ ಗೋಡೆಯ ಶಕ್ತಿ ಅಷ್ಟು ಏರಲಿಲ್ಲ.

ಆಮೇಲೆ ಗೋಡೆಯ ತೆಳುತನಕ್ಕೆ ಕಡಿತ. ಎತ್ತರವನ್ನು ದಪ್ಪದಿಂದ ಭಾಗಿಸಿ: 3.3 ಭಾಗ 0.23, 14.3. ಎರಡೂ ಬದಿಗೆ ಕಾಂಕ್ರೀಟ್ ತಾರಸಿ ಗಟ್ಟಿಯಾಗಿ ಹಿಡಿದಿದ್ದರೆ ಎತ್ತರದ ಮುಕ್ಕಾಲು ಭಾಗವನ್ನಷ್ಟೇ ಹಿಡಿಯಬಹುದು. ಮರದ ಜಂತೆಗೆ ಆ ರಿಯಾಯಿತಿ ಕೊಡಬೇಡಿ, ಪೂರ್ತಿ ಎತ್ತರವನ್ನೇ ಹಿಡಿಯಿರಿ. ಜಂತೆಯ ತುದಿ ಕೊಳೆತು ಗೋಡೆಯ ತಲೆ ಬಿಡುಗಡೆಯಾಗಿದ್ದರೆ ಒಂದೂವರೆ ಪಟ್ಟು. ಸುಣ್ಣದ ಗಾರೆಯ ಎರಡಂತಸ್ತಿನ ಕಟ್ಟಡಕ್ಕೆ ಈ ಅನುಪಾತ 20 ಮೀರುವಂತಿಲ್ಲ, ಎರಡು ಅಂತಸ್ತು ದಾಟಿದರೆ 13.

14.3ಕ್ಕೆ ಕಡಿತದ ಅಂಶ 0.77. ಅಂದರೆ 0.31 ಗುಣಿಸು 0.77, 0.24. ಈಗಿನ 0.17 ಇದರೊಳಗಿದೆ. ಮಹಡಿಯ 0.34 ಹೊರಗಿದೆ. ಒಂಬತ್ತಿಂಚು ಗೋಡೆ ಆಗುವುದಿಲ್ಲ.

ಅದೇ ಜಾಗದಲ್ಲಿ 350 ಮಿ.ಮೀ. ಗೋಡೆಯಿದ್ದರೆ? ಸ್ವಂತ ತೂಕ 24.6ಕ್ಕೆ ಏರಿ ಒಟ್ಟು 85.5, ಒತ್ತಡ 0.24. ಅನುಪಾತ 9.4, ಅಂಶ 0.91, ತಡೆಯುವ ಶಕ್ತಿ 0.28. ಪಾಸು. ಬಹಳ ಜನ ಇಲ್ಲಿಗೇ ಕಾಗದ ಮಡಚುತ್ತಾರೆ.

ಆ ಗೋಡೆಯಲ್ಲಿ ಒಂದು ಮೀಟರ್ ಅಗಲದ ಬಾಗಿಲಿದೆ ಅನ್ನಿ. ಬಾಗಿಲ ಮೇಲಿನ ಹೊರೆ ಲಿಂಟೆಲ್ ಮೂಲಕ ಎರಡು ಬದಿಗೆ ಬರುತ್ತದೆ. 4.2 ಮೀಟರಿನ ಹೊರೆಯನ್ನು 3.2 ಮೀಟರ್ ಹೊರಬೇಕು. ಬಾಗಿಲ ಜಾಗದಲ್ಲಿ ಇಲ್ಲದ ಇಟ್ಟಿಗೆಯ ತೂಕ 15.6 ಕಳೆದರೂ 343.5 ಉಳಿಯುತ್ತದೆ. 3.2 ಗುಣಿಸು 0.35ರಿಂದ ಭಾಗಿಸಿದರೆ 0.31. ತಡೆಯುವ ಶಕ್ತಿ 0.28. ಫೇಲು.

ಬಾಗಿಲು ಕಿಟಕಿ ನಡುವೆ ಸಣ್ಣ ತುಂಡು ಗೋಡೆಯಿದ್ದರೆ ಇನ್ನೊಂದು ಕಡಿತವಿದೆ. ಅದರ ಅಡ್ಡ ವಿಸ್ತೀರ್ಣ 0.2 ಚದರ ಮೀಟರಿಗಿಂತ ಕಡಿಮೆಯಾದರೆ 0.7ಕ್ಕೆ ವಿಸ್ತೀರ್ಣದ ಒಂದೂವರೆ ಪಟ್ಟು ಕೂಡಿಸಿ ಬಂದ ಅಂಶದಿಂದ ಗುಣಿಸಬೇಕು. 450 ಗುಣಿಸು 230 ಮಿ.ಮೀ. ತುಂಡಿಗೆ ಅದು 0.86. ಮನೆಯಲ್ಲಿ ಮೊದಲು ಸೋಲುವುದು ಇಂಥ ತುಂಡೇ, ಹಾಗಾಗಿ ಲೆಕ್ಕವನ್ನು ಅಲ್ಲಿಂದ ಶುರು ಮಾಡಿದರೆ ಉಳಿದ ಶ್ರಮ ಎಷ್ಟೋ ಸಲ ಬೇಕಾಗುವುದೇ ಇಲ್ಲ.

ಹೊರಗೋಡೆಗೆ ತಾರಸಿ ಒಂದೇ ಬದಿಯಿಂದ ಕೂರುವುದರಿಂದ ಹೊರೆ ನಡುಗೆರೆಯಲ್ಲಿ ಇಳಿಯುವುದಿಲ್ಲ. ಹೊರೆ ದಪ್ಪದ ಆರನೇ ಒಂದು ಭಾಗದಷ್ಟು ಪಕ್ಕಕ್ಕೆ ಸರಿದರೆ ಅನುಪಾತ 14ರಲ್ಲಿ 0.78 ಇದ್ದ ಅಂಶ 0.70ಕ್ಕೆ ಇಳಿಯುತ್ತದೆ. ಗೋಡೆ ಉಬ್ಬಿದ್ದರೆ ಅದನ್ನೂ ಇದಕ್ಕೇ ಕೂಡಿಸಬೇಕು. ಈ ಭಾಗ ಇಂಜಿನಿಯರ್ ಮಾಡಲಿ, ನಿಮ್ಮ ಅಳತೆ ಅವರ ಕೈಗೆ ಕೊಡಿ.

ಹಂತ 9: ಪಾಯ

ಗೋಡೆಯ ಪಕ್ಕ ಒಂದು ಮೀಟರ್ ಉದ್ದದ ಗುಂಡಿ ತೋಡಿ ಪಾಯದ ತಳ ಕಾಣುವವರೆಗೆ ಇಳಿಯಿರಿ. ಅಗಲ, ಆಳ, ತಳದ ಮಣ್ಣು ಬರೆದುಕೊಂಡು ಅದೇ ದಿನ ಕುಟ್ಟಿ ಮುಚ್ಚಿ. ಗೋಡೆಯ ಉದ್ದಕ್ಕೂ ಒಟ್ಟಿಗೆ ಅಗೆಯಬೇಡಿ. ಮಳೆಗಾಲದಲ್ಲಂತೂ ಬೇಡವೇ ಬೇಡ, ಪಾಯದ ಪಕ್ಕದ ಮಣ್ಣು ಜಾರಿದರೆ ಪರೀಕ್ಷೆಯೇ ಅಪಘಾತವಾಗುತ್ತದೆ.

ಮೇಲಿನ 350 ಮಿ.ಮೀ. ಗೋಡೆಗೆ ತಳದಲ್ಲಿ 750 ಮಿ.ಮೀ. ಅಗಲದ ಕಲ್ಲಿನ ಪಾಯವಿದ್ದು, ಪಾಯದ ತೂಕ ಮೀಟರಿಗೆ 17 ಅಂದುಕೊಂಡರೆ, ಮಣ್ಣಿನ ಮೇಲೆ ಈಗ ಚದರ ಮೀಟರಿಗೆ ಸುಮಾರು 85 ಕಿಲೋನ್ಯೂಟನ್ ಬೀಳುತ್ತಿದೆ. ಮಹಡಿ ಬಂದರೆ 137. ಗಟ್ಟಿ ಕೆಂಪು ಮಣ್ಣು ಇದನ್ನು ತಾಳಬಹುದು, ಎರೆಮಣ್ಣಿನಲ್ಲಿ 100 ಸಿಗುವುದೂ ಕಷ್ಟ. ಮಣ್ಣು ಪರೀಕ್ಷೆ ಮಾಡಿಸದೆ ಎರಡನ್ನೂ ನಂಬಬೇಡಿ. ಮಹಡಿಯನ್ನು ಅರ್ಧ ಮನೆಯ ಮೇಲಷ್ಟೇ ಕಟ್ಟಿದರೆ ಇನ್ನೊಂದು ಕಾಟವಿದೆ: ಹೊರೆ ಬಿದ್ದ ಅರ್ಧ ಮತ್ತಷ್ಟು ಇಳಿಯುತ್ತದೆ, ಉಳಿದರ್ಧ ನಿಂತಲ್ಲೇ ಇರುತ್ತದೆ, ನಡುವಿನ ಗೋಡೆ ಓರೆಯಾಗಿ ಸೀಳುತ್ತದೆ.

ಹಂತ 10: ಉತ್ತರ ಬಂದ ಮೇಲೆ

ತುಂಡು ಗೋಡೆಗಳೂ ಸೇರಿ ಎಲ್ಲ ಕಡೆ ಒತ್ತಡ ತಡೆಯುವ ಶಕ್ತಿಯ ಮುಕ್ಕಾಲು ಭಾಗದೊಳಗಿದ್ದರೆ ಇಂಜಿನಿಯರ್ ಬಳಿ ಹೋಗುವುದು ಸಾರ್ಥಕ. ಮುಕ್ಕಾಲರ ಗೆರೆ ಐಎಸ್ 1905ರದ್ದಲ್ಲ, ಹಳೆ ಗೋಡೆಯಲ್ಲಿ ಹತ್ತು ಇಟ್ಟಿಗೆ ನೋಡಿ ಹತ್ತು ಸಾವಿರ ಇಟ್ಟಿಗೆಗೆ ತೀರ್ಪು ಕೊಡುತ್ತಿದ್ದೇವೆ ಅನ್ನುವ ಅಂಜಿಕೆಗೆ ಇಟ್ಟುಕೊಂಡ ಅಂತರ. ಅಂಚಿಗೆ ಬಂದರೆ ಮೇಲಿನ ಹೊರೆ ಇಳಿಸುವ ದಾರಿ ಮೊದಲು ನೋಡಿ: ಕಾಂಕ್ರೀಟ್ ತಾರಸಿಯ ಬದಲು ಉಕ್ಕಿನ ಚೌಕಟ್ಟಿನ ಮೇಲೆ ಶೀಟು, ಇಟ್ಟಿಗೆಯ ಬದಲು ಹಗುರ ಬ್ಲಾಕು, ಟ್ಯಾಂಕು ಬೇರೆ ಕಡೆ. ಉದಾಹರಣೆಯ 22 ಕಿಲೋನ್ಯೂಟನ್ ತಾರಸಿ ಶೀಟಾದರೆ ಒಂದು ಸಣ್ಣ ಭಾಗಕ್ಕೆ ಇಳಿಯುತ್ತದೆ. ಗಾಳಿಗೆ ಹಾರದಂತೆ ಶೀಟನ್ನು ಕಟ್ಟುವುದು ಆಗ ಪ್ರತ್ಯೇಕ ಲೆಕ್ಕ.

ಪೂರ್ತಿ ಫೇಲಾದರೆ ಹೊಸ ಪಾಯ ಹಾಕಿ ಉಕ್ಕಿನ ಅಥವಾ ಕಾಂಕ್ರೀಟ್ ಕಂಬಗಳ ಮೇಲೆ ಮಹಡಿ ನಿಲ್ಲಿಸಬಹುದು, ಹಳೆ ಗೋಡೆಗೆ ಒಂದು ಕೆಜಿಯೂ ತಾಗದಂತೆ. ಹೊಸ ಕಂಬದ ಗುಂಡಿಯನ್ನು ಹಳೆ ಪಾಯದ ತಳಕ್ಕಿಂತ ಆಳಕ್ಕೆ, ಅದರ ಪಕ್ಕದಲ್ಲೇ ತೋಡಬಾರದು. ‘ಸಿಮೆಂಟ್ ಹಾಲು ಇಂಜೆಕ್ಟ್ ಮಾಡಿ ಗಟ್ಟಿ ಮಾಡಿಕೊಡ್ತೀವಿ’ ಅನ್ನುವವರು ಸಿಗುತ್ತಾರೆ. ಗ್ರೌಟು ಪೊಳ್ಳು ತುಂಬುತ್ತದೆ, ಸೀಳಿದ ಪದರಗಳನ್ನು ಬೆಸೆಯುತ್ತದೆ. ಮಣ್ಣಿನ ಗಾರೆಯನ್ನು ಸಿಮೆಂಟ್ ಗಾರೆ ಮಾಡುವುದಿಲ್ಲ. ಅದರ ನೀರೇ ಗೋಡೆಯನ್ನು ನೆನೆಸಿ, ಕೆಲಸ ನಡೆಯುವಾಗಲೇ ಮೆತ್ತಗೆ ಮಾಡಬಹುದು.

ಇಂಜಿನಿಯರ್ ವರದಿಯಲ್ಲಿ ಇಷ್ಟು ಇಲ್ಲದೆ ಪೂರ್ತಿ ಹಣ ಕೊಡಬೇಡಿ: ಪ್ರತಿ ಗೋಡೆಯ ಗಿಲಾವು ಬಿಟ್ಟ ದಪ್ಪ, ಗಾರೆಯ ಗುಂಪು, ಪ್ರತಿ ತುಂಡು ಗೋಡೆಯ ಒತ್ತಡ ಮತ್ತು ಅದು ತಡೆಯುವ ಶಕ್ತಿ ಪಕ್ಕಪಕ್ಕದಲ್ಲಿ, ಪಾಯದ ಗುಂಡಿಯ ಫೋಟೋ, ಭೂಕಂಪದ ಅಡ್ಡ ಬಲಕ್ಕೆ ಬ್ಯಾಂಡ್ (ಗೋಡೆಗಳನ್ನು ಸುತ್ತಿ ಹಿಡಿಯುವ ಪಟ್ಟಿ) ಎಲ್ಲಿ ಬರಬೇಕು ಎಂಬ ನಕ್ಷೆ. ‘ಕಟ್ಟಡ ಸುಭದ್ರವಾಗಿದೆ’ ಎಂಬ ಒಂದು ಸಾಲಿನ ಪತ್ರ ಬಂದರೆ ಹಿಂದಕ್ಕೆ ಕೊಟ್ಟು, ಬಾಗಿಲ ಪಕ್ಕದ ತುಂಡು ಗೋಡೆಯ ಲೆಕ್ಕ ಯಾವ ಪುಟದಲ್ಲಿದೆ ಅಂತ ಕೇಳಿ.